ಪ್ರೊಸೆಸರ್ ಬದಲಿಸೋ ಮುಂಚೆ ಒಂದು ಪರೀಕ್ಷೆ

ಕಡೂರಿನಿಂದ ಮಾತಾಡ್ತಿದ್ದೀನಿ. ಅಜ್ಜಂಪುರದಿಂದ ಚಿಕ್ಕಪ್ಪನ ಮಗ ಫೋನ್ ಮಾಡಿದ್ದ. ‘ಅಣ್ಣಾ, ಗೇಮ್ ತಡವರಿಸ್ತಿದೆ. ಈರುಳ್ಳಿ ದುಡ್ಡಲ್ಲಿ ಅಪ್ಪ 30 ಸಾವಿರ ಕೊಡ್ತಾರಂತೆ. ತರೀಕೆರೆಗೆ ಹೋಗಿ ಬೋರ್ಡು, ರ‍್ಯಾಮು, ಪ್ರೊಸೆಸರ್ ಎಲ್ಲಾ ಹೊಸದು ಹಾಕಿಸ್ಲಾ?’

‘ತಡಿ ಮಾರಾಯ, ಮೊದಲು ರೆಸಲ್ಯೂಷನ್ ಇಳಿಸಿ ಆಡಿ ನೋಡು’ ಅಂದೆ. ಎಫ್‌ಪಿಎಸ್ ಚೆನ್ನಾಗಿ ಏರಿದ್ರೆ ಅಡ್ಡಿ ಗ್ರಾಫಿಕ್ಸ್ ಕಾರ್ಡಿನದು. ಇದ್ದಲ್ಲೇ ಇದ್ರೆ ಅನುಮಾನ ಪ್ರೊಸೆಸರ್ ಮೇಲೆ. ಅವನದು ಏರಲೇ ಇಲ್ಲ. ಗ್ರಾಫಿಕ್ಸ್ ಕಾರ್ಡು ಅರ್ಧ ಹೊತ್ತು ಸುಮ್ನೆ ಕೂತಿತ್ತು.

ಅವನದು 2017ರ ರೈಜೆನ್ 5 1600, ಎಎಂ4 ಸಾಕೆಟ್. ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಅದಿಲ್ಲ. ವಿಂಡೋಸ್ 10ರ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗೀತು. ಹಾಗಾಗಿ ಬದಲಿಸೋ ಕಾಲ ಬಂದಿತ್ತು. ಆದ್ರೆ ಎಲ್ಲಾ ಬದಲಿಸೋದು ಬೇಕಿರಲಿಲ್ಲ. ಬೋರ್ಡ್ ಕಂಪನಿ ತಕ್ಕ ಬಯಾಸ್ ಕೊಟ್ಟಿದ್ರೆ ಅದೇ ಸಾಕೆಟ್‌ಗೆ ರೈಜೆನ್ 5 5600 ಕೂರುತ್ತೆ. ಅವನ ಬೋರ್ಡಿಗೆ ಕೊಟ್ಟಿದ್ರು.

ಒಂದು ಎಚ್ಚರಿಕೆ: ಹಳೇ ಪ್ರೊಸೆಸರ್ ಇರುವಾಗಲೇ ಬಯಾಸ್ ಅಪ್‌ಡೇಟ್ ಮಾಡಿ, ಅದೂ ಯುಪಿಎಸ್ ಇಟ್ಕೊಂಡು. ನಡುವೆ ಕರೆಂಟ್ ಹೋದ್ರೆ ಬೋರ್ಡೇ ಕೈಕೊಡಬಹುದು.

ಬೋರ್ಡು, ರ‍್ಯಾಮು ಹಳೇವೇ ಉಳಿದ್ವು. ಮಿಕ್ಕ ದುಡ್ಡು ಚಿಕ್ಕಪ್ಪನ ಕೈಗೇ ವಾಪಸ್ ಹೋಯ್ತು. ಮುಂದಿನ ಬಿತ್ತನೆಗೆ ಬೇಕಲ್ಲ? ಮುಂದಿನ ಕಂತಲ್ಲಿ ಸಿಗೋಣ.