ವಾರ್ಡ್ ಬಿಟ್ಟರಷ್ಟೇ ಬಡ್ತಿಯೇ?

ಮಾನ್ಯ ಅಧ್ಯಕ್ಷರೇ, ಪ್ರಾಂಶುಪಾಲರೇ, ವಿವಿಧ ಆಸ್ಪತ್ರೆಗಳ ಶುಶ್ರೂಷಾ ಅಧೀಕ್ಷಕರೇ, ರಾತ್ರಿ ಪಾಳಿ ಮುಗಿಸಿ ಮನೆಗೂ ಹೋಗದೆ ನೇರ ಇಲ್ಲಿಗೇ ಬಂದಿರುವ ಸಿಸ್ಟರ್‌ಗಳೇ, ಬ್ರದರ್‌ಗಳೇ, ಹಿಂದಿನ ಸಾಲುಗಳನ್ನು ಆಗಲೇ ಹಿಡಿದು ಕೂತಿರುವ ವಿದ್ಯಾರ್ಥಿಗಳೇ, ನೈಟ್ ಡ್ಯೂಟಿ ಮಾಡಿ ಬಂದವರು ನಡುನಡುವೆ ತೂಕಡಿಸಿದರೆ ನನಗೇನೂ ಬೇಸರವಿಲ್ಲ.

ದೀಪ ಹಿಡಿದ ಮಹಿಳೆಯ ಕಥೆಯನ್ನು ಪ್ರತಿ ವರ್ಷ ಮೇ 12ಕ್ಕೆ ಕೇಳುತ್ತೀರಿ, ಇವತ್ತು ಬೇಡ. ತ್ಯಾಗ, ಸೇವೆ, ಕರುಣೆ ಎಂಬ ಮಾತುಗಳನ್ನೂ ಸ್ವಲ್ಪ ಬದಿಗಿಡೋಣ. ನಮ್ಮನ್ನು ದೇವತೆ ಎಂದು ಹೊಗಳಿದವರು ಆ ದೇವತೆಗೆ ಇನ್‌ಕ್ರಿಮೆಂಟ್ ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಇವತ್ತಿನ ವಿಷಯ ವೃತ್ತಿಯಲ್ಲಿ ಮುಂದೆ ಬರುವುದು. ಓದು, ಹುದ್ದೆ, ಸಂಬಳ, ಮರ್ಯಾದೆ, ಇವುಗಳ ಬಗ್ಗೆ ನಾಚಿಕೆಯಿಲ್ಲದೆ ಮಾತಾಡುವುದು.

ನಮ್ಮಲ್ಲಿ ಮುಂದೆ ಬಂದವರು ಎಂದು ಯಾರನ್ನು ಕರೆಯುತ್ತೇವೆ? ವಾರ್ಡ್ ಇನ್‌ಚಾರ್ಜ್ ಆಗಿ, ಆಮೇಲೆ ಅಧೀಕ್ಷಕರ ಕುರ್ಚಿಗೆ ಹೋದವರನ್ನು. ಎಂ.ಎಸ್ಸಿ. ಮುಗಿಸಿ ಕಾಲೇಜು ಸೇರಿದವರನ್ನು. ವಿಮಾನ ಹತ್ತಿದವರನ್ನು. ಇನ್‌ಚಾರ್ಜ್ ಆದವರ ದಿನ ಇಂಡೆಂಟ್ ಪುಸ್ತಕ, ಲಿನನ್ ಲೆಕ್ಕ, ರಜೆ ಅರ್ಜಿ, ಆಕ್ಸಿಜನ್ ಸಿಲಿಂಡರ್‌ಗಳ ನಡುವೆ ಕಳೆದುಹೋಗುತ್ತದೆ. ಕಾಲೇಜು ಸೇರಿದವರು ಮನುಷ್ಯನ ಕೈಗೆ ಕ್ಯಾನುಲಾ ಹಾಕಿ ಎಷ್ಟೋ ವರ್ಷವಾಗಿರುತ್ತದೆ. ವಿಮಾನ ಹತ್ತಿದವರ ಕೈಚಳಕ ಅಲ್ಲಿನ ರೋಗಿಗೆ ಸಿಗುತ್ತದೆ. ದಾರಿ ಯಾವುದೇ ಇರಲಿ, ನಮ್ಮ ವಾರ್ಡಿನ ರೋಗಿ ಒಬ್ಬ ಒಳ್ಳೆಯ ನರ್ಸನ್ನು ಕಳೆದುಕೊಂಡ. ಇನ್ನು ಒಂದೇ ಐಸಿಯುನಲ್ಲಿ ಹದಿನೈದು, ಇಪ್ಪತ್ತು ವರ್ಷ ದುಡಿದ, ರಾತ್ರಿ ಎರಡು ಗಂಟೆಗೆ ಹೊಸ ಡಾಕ್ಟರ್ ಬಂದು ಮೆಲ್ಲಗೆ 'ಸಿಸ್ಟರ್, ಏನು ಮಾಡೋಣ?' ಎಂದು ಕೇಳುವ ಹೆಂಗಸನ್ನು ನಾವು ಏನೆನ್ನುತ್ತೇವೆ? 'ಪಾಪ, ಅಲ್ಲೇ ಉಳಿದುಬಿಟ್ಟಳು.' ಆ 'ಪಾಪ' ನಮ್ಮ ಬಾಯಿಂದ ಹೋಗಬೇಕು, ಅವಳ ಸಂಬಳದ ಚೀಟಿಯಿಂದಲೂ ಹೋಗಬೇಕು. ನಾನು ಹೇಳಬೇಕಾಗಿರುವುದು ಇಷ್ಟೇ, ಉಳಿದದ್ದು ವಿವರಣೆ.

ಅನುಭವ ಅಂದರೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡೋಣ. ಯಾವುದಾದರೂ ಜನರಲ್ ವಾರ್ಡಿನ ವೈಟಲ್ಸ್ ಚಾರ್ಟ್ ತೆಗೆದು ಉಸಿರಾಟದ ಕಾಲಂ ಮೇಲೆ ಬೆರಳಿಟ್ಟು ಕೆಳಗೆ ಬನ್ನಿ. ಇಪ್ಪತ್ತು, ಇಪ್ಪತ್ತು, ಇಪ್ಪತ್ತು, ಇಪ್ಪತ್ತೆರಡು, ಇಪ್ಪತ್ತು. ನಗುತ್ತಿದ್ದೀರಿ, ಅಂದರೆ ಗೊತ್ತಿದೆ. ನಾಡಿ, ಬಿ.ಪಿ., ಆಕ್ಸಿಜನ್ ಮಟ್ಟ ಇವನ್ನು ಯಂತ್ರ ಹೇಳುತ್ತದೆ. ಉಸಿರನ್ನು ಮಾತ್ರ ಎದೆ ನೋಡುತ್ತಾ ಪೂರ್ತಿ ಒಂದು ನಿಮಿಷ ನಿಂತು ಎಣಿಸಬೇಕು, ನಮಗೆ ಆ ಒಂದು ನಿಮಿಷ ಇರುವುದಿಲ್ಲ. ಆದರೆ ಸೋಂಕು ರಕ್ತಕ್ಕೆ ಏರುವಾಗ ಎಷ್ಟೋ ಸಲ ಮೊದಲು ಕೆಡುವುದು ಉಸಿರೇ, ಬಿ.ಪಿ. ಬೀಳುವುದು ಆಮೇಲೆ. ಪಳಗಿದ ಸಿಸ್ಟರ್ ಹ್ಯಾಂಡೋವರ್ ತೆಗೆದುಕೊಳ್ಳುವಾಗಲೇ ಮಂಚದ ಕಾಲುದೆಸೆಯಲ್ಲಿ ನಿಂತು ರೋಗಿಯ ಎದೆ ನೋಡುತ್ತಾಳೆ. ಇಪ್ಪತ್ತೆಂಟು. ಮಧ್ಯಾಹ್ನದಿಂದ ಮೂತ್ರ ಎಷ್ಟು ಬಂದಿದೆ ಎಂದು ಚೀಲ ಎತ್ತಿ ನೋಡುತ್ತಾಳೆ. ಪಾದ ಮುಟ್ಟುತ್ತಾಳೆ. ಆಮೇಲೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ 'ಪೇಶೆಂಟ್ ಯಾಕೋ ಸರಿ ಕಾಣ್ತಿಲ್ಲ ಸರ್' ಎಂದು ಸುಮ್ಮನಾಗುವುದಿಲ್ಲ. ಮೂರು ಅಂಕಿ ಹೇಳಿ, 'ಈಗಲೇ ಬಂದು ನೋಡಿ' ಎನ್ನುತ್ತಾಳೆ. ಮಾರನೆಯ ದಿನ ರೌಂಡ್ಸಿನಲ್ಲಿ ಆ ರೋಗಿಯ ಆ್ಯಂಟಿಬಯಾಟಿಕ್ ಬಗ್ಗೆ ದೊಡ್ಡ ಚರ್ಚೆ ನಡೆಯುತ್ತದೆ. ಫೋನ್ ಮಾಡಿದವಳು ಅಷ್ಟರಲ್ಲಿ ಬಸ್ಸಿನಲ್ಲಿ ನಿದ್ದೆ ಮಾಡುತ್ತಿರುತ್ತಾಳೆ.

ಈ ಪಳಗುವಿಕೆಯನ್ನು ಅಧ್ಯಯನ ಮಾಡಿ ಪೆಟ್ರಿಷಿಯಾ ಬೆನ್ನರ್ 1984ರಲ್ಲಿ ಒಂದು ಪುಸ್ತಕ ಬರೆದರು. ಹಿಂದಿನ ಸಾಲಿನವರಿಗೆ ಅದು ಪರೀಕ್ಷೆಗೆ ಬರುವ ಐದು ಹಂತಗಳಾಗಿ ಗೊತ್ತು. ಹೊಸಬರಿಂದ ಪರಿಣತರವರೆಗಿನ ಆ ಏಣಿಯಲ್ಲಿ ಮೂರನೆಯ ಮೆಟ್ಟಿಲಿಗೆ ಬರಲು ಒಂದೇ ಬಗೆಯ ಕೆಲಸದಲ್ಲಿ ಎರಡು ಮೂರು ವರ್ಷ ಬೇಕು ಎನ್ನುತ್ತಾರೆ ಅವರು. ನಾವೇನು ಮಾಡುತ್ತೇವೆ? ಆರು ತಿಂಗಳಿಗೊಮ್ಮೆ ರೋಟೇಷನ್. ಡಯಾಲಿಸಿಸ್‌ನಲ್ಲಿ ಕೈ ಕುದುರುವಷ್ಟರಲ್ಲಿ ಹೆರಿಗೆ ವಾರ್ಡು, ಅಲ್ಲಿ ಕಣ್ಣು ಹೊಂದುವಷ್ಟರಲ್ಲಿ ಒಪಿಡಿ. ವಿದ್ಯಾರ್ಥಿಗಳಿಗೆ, ಹೊಸಬರಿಗೆ ರೋಟೇಷನ್ ಬೇಕು, ಒಪ್ಪುತ್ತೇನೆ. ಎಂಟು ವರ್ಷದ ಅನುಭವಿಯನ್ನು ರಜೆ ಹೊಂದಿಸಲು ಎತ್ತಂಗಡಿ ಮಾಡುವುದು ಶುದ್ಧ ದುಂದು.

ಇದನ್ನು ಭಾವನೆಯ ಮಾತೆಂದು ಮ್ಯಾನೇಜ್‌ಮೆಂಟಿನವರು ತಳ್ಳಿಹಾಕಬಾರದು. ಲಿಂಡಾ ಐಕೆನ್ ಮತ್ತು ಸಂಗಡಿಗರು ಯುರೋಪಿನ ಒಂಬತ್ತು ದೇಶಗಳ ಆಸ್ಪತ್ರೆಗಳನ್ನು ಅಧ್ಯಯನ ಮಾಡಿ 2014ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಒಬ್ಬ ನರ್ಸ್ ನೋಡಿಕೊಳ್ಳುವ ರೋಗಿಗಳ ಪಟ್ಟಿಗೆ ಇನ್ನೊಬ್ಬ ರೋಗಿ ಸೇರಿದರೆ, ಶಸ್ತ್ರಚಿಕಿತ್ಸೆಯ ರೋಗಿಗಳು ಮೂವತ್ತು ದಿನದೊಳಗೆ ಸಾಯುವ ಸಂಭವ ಶೇ. 7ರಷ್ಟು ಹೆಚ್ಚುತ್ತದೆ. ಪದವಿ ಪಡೆದ ನರ್ಸುಗಳ ಪ್ರಮಾಣ ಶೇ. 10ರಷ್ಟು ಹೆಚ್ಚಾದರೆ ಆ ಸಂಭವ ಶೇ. 7ರಷ್ಟು ಇಳಿಯುತ್ತದೆ. ಅಂದರೆ ನಮ್ಮ ಓದಿಗೂ ರೋಗಿಯ ಜೀವಕ್ಕೂ ನೇರ ಸಂಬಂಧವಿದೆ. ಬೋಧನಾ ಆಸ್ಪತ್ರೆಗಳ ಜನರಲ್ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್, ಉಳಿದೆಡೆ ಐವರಿಗೆ ಒಬ್ಬರು ಎಂಬುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ನಿನ್ನೆ ರಾತ್ರಿ ನಿಮ್ಮ ಪಾಲಿಗೆ ಎಷ್ಟು ಜನ ಇದ್ದರು, ನೀವೇ ಮನಸ್ಸಿನಲ್ಲಿ ಎಣಿಸಿಕೊಳ್ಳಿ. ಗಟ್ಟಿಯಾಗಿ ಹೇಳಬೇಡಿ, ಅಧೀಕ್ಷಕರು ಮುಂದಿನ ಸಾಲಿನಲ್ಲೇ ಇದ್ದಾರೆ.

ಉತ್ತರ ಕನ್ನಡದ ಹಳದೀಪುರದಿಂದ ಮುಂಬೈಗೆ ಹೋಗಿ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗರನ್ನು ಇಂಥ ಸಭೆಯಲ್ಲಿ ನೆನೆಯದಿರಲು ನನ್ನಿಂದಾಗದು. 1973ರ ನವೆಂಬರ್‌ನಲ್ಲಿ ಅದೇ ಆಸ್ಪತ್ರೆಯೊಳಗೆ ಅವರ ಮೇಲೆ ನಡೆದ ಹಲ್ಲೆ, 2011ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, 2015ರ ಮೇ ತಿಂಗಳಲ್ಲಿ ಅವರ ಸಾವು ಎಲ್ಲ ನಿಮಗೆ ತಿಳಿದದ್ದೇ. ಆ ತೀರ್ಪು ಬಂದಾಗ ದಯಾಮರಣದ ಬಗ್ಗೆ ದೇಶವೆಲ್ಲ ಮಾತಾಡಿತು. ನಾನು ಗಮನಿಸಿದ್ದು ಬೇರೆ. ದಶಕಗಳ ಕಾಲ ಹಾಸಿಗೆ ಹಿಡಿದಿದ್ದ ಅವರ ಮೈಮೇಲೆ ಬೆಡ್‌ಸೋರ್ ಆಗದಂತೆ ಅಲ್ಲಿನ ಸಿಸ್ಟರ್‌ಗಳು ನೋಡಿಕೊಂಡರು. ನಿವೃತ್ತರಾದವರ ಜಾಗಕ್ಕೆ ಬಂದವರೂ ನೋಡಿಕೊಂಡರು. ಹೊತ್ತುಹೊತ್ತಿಗೆ ಮಗ್ಗುಲು ಬದಲಿಸುವುದು, ಹಿಮ್ಮಡಿಯ ಕೆಳಗೆ ಒತ್ತಡ ಬೀಳದಂತೆ ಎತ್ತಿಡುವುದು, ಚರ್ಮದ ಒದ್ದೆ ಒರೆಸುವುದು, ಸೊಂಟದ ಮೂಳೆಯ ಮೇಲೆ ಕೆಂಪಗಾಗಿದೆಯೇ ಎಂದು ಬೆರಳಿಂದ ಒತ್ತಿ ನೋಡುವುದು. ಇದು ಕರುಣೆಯಿಂದ ಮಾತ್ರ ಆಗುವ ಕೆಲಸವಲ್ಲ, ಇದಕ್ಕೆ ವಿದ್ಯೆ ಬೇಕು, ಶಿಸ್ತು ಬೇಕು. ಈ ಕೌಶಲಕ್ಕೆ ಯಾವ ನೇಮಕಾತಿ ನಿಯಮದಲ್ಲಿ ಅಂಕವಿದೆ ಹೇಳಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಸುರಕ್ಷತೆ ಇಲ್ಲದೆ ವೃತ್ತಿ ಮುನ್ನಡೆಯ ಮಾತೇ ಇಲ್ಲ ಎಂಬುದನ್ನೂ ಅವರ ಬದುಕು ಹೇಳುತ್ತದೆ; ಆ ಬಗ್ಗೆ ಮಧ್ಯಾಹ್ನ ಪ್ರತ್ಯೇಕ ಗೋಷ್ಠಿ ಇದೆ, ಅಲ್ಲಿಗೆ ಬಿಡುತ್ತೇನೆ.

ಈಗ ದಾರಿಗಳ ವಿಷಯ. ಜಿಎನ್‌ಎಂ ಮಾಡಿದವರು ಎರಡು ವರ್ಷದ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು, ಆಮೇಲೆ ಎಂ.ಎಸ್ಸಿ., ಪಿಎಚ್.ಡಿ.; ಇದು ಎಲ್ಲರಿಗೂ ಗೊತ್ತಿರುವ ಹೆದ್ದಾರಿ. ಪಕ್ಕದ ರಸ್ತೆಗಳು ಹಲವರಿಗೆ ಗೊತ್ತಿಲ್ಲ. ತೀವ್ರ ನಿಗಾ, ಕ್ಯಾನ್ಸರ್, ನವಜಾತ ಶಿಶು, ಶಸ್ತ್ರಚಿಕಿತ್ಸಾ ಕೊಠಡಿ ಹೀಗೆ ಒಂದೊಂದಕ್ಕೂ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾ ಇದೆ. ಮನೋರೋಗ ಶುಶ್ರೂಷೆಯ ಡಿಪ್ಲೊಮಾವಂತೂ ಬೆಂಗಳೂರಿನ ಇಂದಿನ ನಿಮ್ಹಾನ್ಸ್ ಆವರಣದಲ್ಲಿ ಐವತ್ತರ ದಶಕದಿಂದ ನಡೆದುಬಂದದ್ದು. ಸೋಂಕು ನಿಯಂತ್ರಣದ ನರ್ಸ್ ಇಲ್ಲದೆ ಯಾವ ಆಸ್ಪತ್ರೆಗೂ ಎನ್‌ಎಬಿಎಚ್ ಮಾನ್ಯತೆಯ ದಾರಿ ಸುಗಮವಲ್ಲ. ಅಂಗದಾನದ ಸಮನ್ವಯಕಾರರಾಗಿ, ಮಿದುಳು ನಿಷ್ಕ್ರಿಯವಾದವರ ಮನೆಯವರ ಎದುರು ಕೂತು ಮಾತಾಡುವ ಕಠಿಣ ಕೆಲಸವನ್ನು ನಮ್ಮವರೇ ಎಷ್ಟೋ ಜನ ಚೆನ್ನಾಗಿ ಮಾಡುತ್ತಿದ್ದಾರೆ.

ನನಗೆ ಹೆಚ್ಚು ಆಸೆ ಹುಟ್ಟಿಸಿರುವುದು ನರ್ಸ್ ಪ್ರಾಕ್ಟಿಷನರ್ ಕೋರ್ಸುಗಳು. ತೀವ್ರ ನಿಗಾ ಘಟಕದಲ್ಲಿ ಅನುಭವವಿರುವ ಬಿ.ಎಸ್ಸಿ. ನರ್ಸ್, ಎರಡು ವರ್ಷ ರೋಗಿಯ ಪಕ್ಕದಲ್ಲೇ ರೆಸಿಡೆನ್ಸಿ ಮಾಡಿ ಸ್ನಾತಕೋತ್ತರ ಪದವಿ ಪಡೆಯುತ್ತಾರೆ. ಹೆರಿಗೆ ಕ್ಷೇತ್ರಕ್ಕೆ ಹದಿನೆಂಟು ತಿಂಗಳ ತರಬೇತಿಯನ್ನು ಕೇಂದ್ರ ಸರ್ಕಾರ 2018ರ ಮಾರ್ಗಸೂಚಿಯಲ್ಲಿ ಸೇರಿಸಿತು. ನೆರೆಯ ತೆಲಂಗಾಣ ಅದಕ್ಕೂ ಮೊದಲೇ ಈ ದಾರಿ ಹಿಡಿದಿತ್ತು. ಓದುತ್ತಾ ಹೋದಂತೆ ರೋಗಿಗೆ ಹತ್ತಿರವಾಗುವ ಏಣಿ ಇದು. ಆದರೆ ಓದಿ ಬಂದವರಿಗೆ ಹುದ್ದೆ ಎಲ್ಲಿ? ವೃಂದ ಮತ್ತು ನೇಮಕಾತಿ ನಿಯಮಗಳನ್ನು ತಿರುವಿಹಾಕಿದರೆ ಇಂಥವರಿಗೆಂದೇ ಮೀಸಲಾದ ಸಾಲು ಸಿಗುವುದು ಕಷ್ಟ. ಪದವಿ ಪಡೆದು ಬಂದವರನ್ನು ಮತ್ತೆ ಹಳೇ ಡ್ಯೂಟಿ ಪಟ್ಟಿಯಲ್ಲೇ ಬರೆದರೆ ಅವರು ಪಾಸ್‌ಪೋರ್ಟ್ ಮಾಡಿಸದೆ ಇನ್ನೇನು ಮಾಡುತ್ತಾರೆ? 1947ರ ಪರಿಷತ್ ಕಾಯ್ದೆಯ ಜಾಗಕ್ಕೆಂದು 2023ರಲ್ಲಿ ರಾಷ್ಟ್ರೀಯ ಶುಶ್ರೂಷಾ ಮತ್ತು ಸೂಲಗಿತ್ತಿ ಆಯೋಗದ ಕಾಯ್ದೆ ಬಂತು. ರಾಜ್ಯಗಳೂ ತಮ್ಮ ಆಯೋಗ ರಚಿಸಬೇಕೆಂದು ಅದು ಹೇಳುತ್ತದೆ. ಅಲ್ಲಿ ಕೂರುವವರ ಮುಂದೆ ನಾವು ಇಡಬೇಕಾದ ಮೊದಲ ಬೇಡಿಕೆ ಹೊಸ ಕೋರ್ಸಲ್ಲ, ಇರುವ ಕೋರ್ಸಿಗೆ ಹುದ್ದೆ.

ಹಳ್ಳಿಯ ಕಡೆಗೂ ಒಂದು ಬಾಗಿಲು ತೆರೆದಿದೆ. 2018ರಲ್ಲಿ ಆಯುಷ್ಮಾನ್ ಭಾರತ್ ಬಂದಮೇಲೆ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ನಮ್ಮವರು ಹೋದರು. ಬಿ.ಪಿ., ಸಕ್ಕರೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರಿನ ತಪಾಸಣೆ, ತಿಂಗಳ ಮಾತ್ರೆ ವಿತರಣೆ ಎಲ್ಲ ಅವರ ಜವಾಬ್ದಾರಿ. ಡಾಕ್ಟರಿಲ್ಲದ ಊರಿನಲ್ಲಿ ಸ್ವತಂತ್ರವಾಗಿ ಯೋಚಿಸುವ ನರ್ಸ್ ಎಂದರೆ ಏನೆಂದು ಜನ ಮೊದಲ ಬಾರಿಗೆ ಕಂಡದ್ದು ಅಲ್ಲೇ ಇರಬೇಕು. ಆದರೆ ಕೆಲಸ ಗುತ್ತಿಗೆಯದ್ದು. ಇಷ್ಟು ಜವಾಬ್ದಾರಿ ಕೊಟ್ಟು ವರ್ಷ ವರ್ಷ ಒಪ್ಪಂದ ನವೀಕರಿಸುವುದು ಯಾವ ನ್ಯಾಯವೋ.

ವಿದೇಶಕ್ಕೆ ಹೋಗುವವರಿಗೆ ನಾನು ಬುದ್ಧಿ ಹೇಳಲು ಬಂದಿಲ್ಲ. ಮನೆಯ ಸಾಲ, ತಂಗಿಯ ಓದು, ಇಲ್ಲಿನ ಸಂಬಳ ಎಲ್ಲ ನನಗೂ ಅರ್ಥವಾಗುತ್ತದೆ. ಹೋಗುವವರು ತಿಳಿದು ಹೋಗಿ. ಕೊಲ್ಲಿ ದೇಶಗಳೂ ಸೇರಿ ವಲಸೆ ಅನುಮತಿ ಬೇಕಾದ ದೇಶಗಳಿಗೆ ನರ್ಸುಗಳ ನೇಮಕಾತಿಯನ್ನು 2015ರಿಂದ ಸರ್ಕಾರಿ ಸಂಸ್ಥೆಗಳ ಮೂಲಕವೇ ಮಾಡಬೇಕೆಂಬ ನಿಯಮ ಬಂದಿದ್ದೇ ಏಜೆಂಟರು ಲಕ್ಷಗಟ್ಟಲೆ ಕಿತ್ತ ಮೇಲೆ. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆ, ಬ್ರಿಟನ್ನಿಗೆ ಸಿಬಿಟಿ ಮತ್ತು ಆಸ್ಕಿ ಪರೀಕ್ಷೆಗಳು, ಜರ್ಮನಿಗೆ ಜರ್ಮನ್ ಭಾಷೆಯ ಬಿ2 ಮಟ್ಟ ಬೇಕು. ಕೋಚಿಂಗ್ ಸೆಂಟರಿನವರು ಒಂದು ಮಾತು ಹೇಳುವುದಿಲ್ಲ: ಆಸ್ಕಿಯಲ್ಲಿ ಪರೀಕ್ಷಕರು ನೋಡುವುದು ರೋಗಿಯನ್ನು ಹೇಗೆ ಪರೀಕ್ಷಿಸುತ್ತೀರಿ, ಆರೈಕೆಯನ್ನು ಹೇಗೆ ಯೋಜಿಸುತ್ತೀರಿ, ಔಷಧಿ ಹೇಗೆ ಕೊಡುತ್ತೀರಿ, ಹೇಗೆ ದಾಖಲಿಸುತ್ತೀರಿ ಎಂಬುದನ್ನೇ. ಇಲ್ಲಿ ಉಸಿರಾಟದ ಕಾಲಂನಲ್ಲಿ ಇಪ್ಪತ್ತು ಬರೆಯುತ್ತಾ ಬಂದವರಿಗೆ ಅಲ್ಲಿ ಕೈ ನಡುಗುತ್ತದೆ.

ಸಂಬಳದ ಮಾತು ತಪ್ಪಿಸುವಂತಿಲ್ಲ. ಖಾಸಗಿ ಆಸ್ಪತ್ರೆಗಳ ನರ್ಸುಗಳ ಸ್ಥಿತಿ ನೋಡಲು ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಸೂಚಿಸಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿದ್ದರೆ ರಾಜ್ಯ ಸರ್ಕಾರದ ನರ್ಸುಗಳಷ್ಟೇ ಸಂಬಳ, ಐವತ್ತಕ್ಕಿಂತ ಕಡಿಮೆ ಇದ್ದರೂ 20,000 ರೂಪಾಯಿಗೆ ಇಳಿಯಬಾರದು ಎಂದು ಸಮಿತಿ ಶಿಫಾರಸು ಮಾಡಿತು. ಶಿಫಾರಸು ಕಡತದಲ್ಲಿದೆ. ಮೂಲ ಅಂಕಪಟ್ಟಿಗಳನ್ನು ತೆಗೆದಿಟ್ಟುಕೊಂಡು, ಬಾಂಡ್ ಮುರಿದರೆ ದುಡ್ಡು ಕಟ್ಟಿ ಎನ್ನುವ ಕಡೆ ಕೆಲಸ ಮಾಡುತ್ತಿರುವವರು ಈ ಸಭೆಯಲ್ಲೂ ಇರಬಹುದು. ಮಕ್ಕಳೇ, ಮೂಲ ಪ್ರಮಾಣಪತ್ರ ಯಾರ ಕೈಗೂ ಕೊಡಬೇಡಿ. ನಕಲು ಸಾಕು.

ಆಸ್ಪತ್ರೆ ಬದಲಾಗುವವರೆಗೆ ಕಾಯುತ್ತಾ ಕೂರಬೇಕಿಲ್ಲ. ಒಂದು ನೋಟ್‌ಬುಕ್ ಇಡಿ. ಯಾವ ಬಗೆಯ ರೋಗಿಗಳನ್ನು ನೋಡಿದಿರಿ, ಯಾವ ಉಪಕರಣ ಕಲಿತಿರಿ, ಯಾವ ತರಬೇತಿಗೆ ಹೋದಿರಿ ಎಲ್ಲ ತಾರೀಖಿನ ಸಮೇತ ಬರೆಯಿರಿ. ನೋಂದಣಿ ನವೀಕರಣಕ್ಕೂ ಬರುತ್ತದೆ, ಸಂದರ್ಶನಕ್ಕೂ ಬರುತ್ತದೆ. ನಿಮ್ಮ ವಾರ್ಡಿನಲ್ಲಿ ಒಂದು ತಿಂಗಳು ಎಷ್ಟು ಕ್ಯಾನುಲಾ ಜಾಗ ಊದಿಕೊಂಡಿತು, ಯಾವ ದಿನ, ಯಾವ ಕೈ ಎಂದು ಲೆಕ್ಕವಿಡಿ. ಆ ಒಂದು ಹಾಳೆ ಹಿಡಿದು ರೌಂಡ್ಸಿನಲ್ಲಿ ಮಾತಾಡಿದರೆ ಕೇಳದ ಡಾಕ್ಟರಿಲ್ಲ. ಇಂಗ್ಲಿಷ್ ತಡವರಿಸಿದರೆ ಕನ್ನಡದಲ್ಲೇ ಹೇಳಿ, ಅಂಕಿಗೆ ಉಚ್ಚಾರಣೆಯ ದೋಷವಿಲ್ಲ. ಮದುವೆ, ಮಗು, ಗಂಡನ ವರ್ಗಾವಣೆಯ ನಡುವೆ ಓದು ನಿಂತಿದ್ದರೆ ಅದು ಮುಗಿಯಿತು ಎಂದುಕೊಳ್ಳಬೇಡಿ. ಪೋಸ್ಟ್ ಬೇಸಿಕ್ ತರಗತಿಗಳಲ್ಲಿ ಮಗಳ ಜೊತೆಗೇ ಪರೀಕ್ಷೆಗೆ ಕೂತ ತಾಯಂದಿರಿಗೆ ಪಾಠ ಮಾಡಿದ ಸಂತೋಷ ನನಗಿದೆ.

ಮೊದಲ ಗೋಷ್ಠಿ ಅಧೀಕ್ಷಕರದ್ದು. ಅವರಿಗೊಂದು ಕೆಲಸ ಒಪ್ಪಿಸಿ ಕೂರುತ್ತೇನೆ. ಐದು ವರ್ಷಕ್ಕೂ ಮೇಲ್ಪಟ್ಟು ಒಂದೇ ವಿಭಾಗದಲ್ಲಿ ದುಡಿದವರ ಹೆಸರುಗಳನ್ನು ನಿಮ್ಮ ನಿಮ್ಮ ಆಸ್ಪತ್ರೆಯ ಡ್ಯೂಟಿ ಪಟ್ಟಿಯಿಂದ ತೆಗೆದು ಇಲ್ಲಿ ಓದಿ. ಅವರಿಗೆ ಹೊಸಬರನ್ನು ಪಳಗಿಸುವ ಅಧಿಕಾರ, ಅದಕ್ಕೊಂದು ಭತ್ಯೆ, ಲಿನನ್ ಲೆಕ್ಕದಿಂದ ಬಿಡುಗಡೆ, ಇಷ್ಟನ್ನು ಮುಂದಿನ ಆರ್ಥಿಕ ವರ್ಷದೊಳಗೆ ಕೊಡಲು ಸಾಧ್ಯವೇ, ಸಾಧ್ಯವಿಲ್ಲದಿದ್ದರೆ ತಡೆಯುವ ನಿಯಮ ಯಾವುದು ಎಂದು ಹೇಳಿ. ನಿಯಮದ ಹೆಸರು ಸಿಕ್ಕರೆ ಸಂಜೆಯ ಗೋಷ್ಠಿಯಲ್ಲಿ ಅದರ ತಿದ್ದುಪಡಿಗೆ ಕರಡು ಬರೆಯಲು ನಾನು ಕೊನೆಯವರೆಗೂ ಇಲ್ಲೇ ಇರುತ್ತೇನೆ.