ಸಾಮಾನ್ಯ ಜ್ಞಾನ: ಒಂದು ಸಾಲಿನ ಉತ್ತರದ ಹಿಂದೆ

(ಹುಬ್ಬಳ್ಳಿಯಲ್ಲಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಸ್ಥರ ಅಭ್ಯಾಸಕೂಟದಲ್ಲಿ ಮಾಡಿದ ಭಾಷಣ)



ಸ್ಪರ್ಧಾತ್ಮಕ ಪರೀಕ್ಷೆಗೆ ಕೂಡುವ ಮಕ್ಕಳಿಗೆ ಸಾಮಾನ್ಯ ಜ್ಞಾನದ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದು ಈ ಕೂಟದವರು ನಮ್ಮನ್ನು ಕೇಳಿಕೊಂಡಿದ್ದಾರೆ. ಪರೀಕ್ಷೆ ಬರೆಯುವವರು ಮುಂದೆ ಕೂತಿದ್ದಾರೆ; ಅವರ ಫೀ ತುಂಬುವವರು ಹಿಂದೆ ಕೂತಿದ್ದಾರೆ. ಇಬ್ಬರಿಗೂ ಕೂಡಿಯೇ ಮಾತಾಡುತ್ತೇವೆ.

ಧಾರವಾಡದ ಸಪ್ತಾಪುರದ ಕಡೆ ಒಂದು ಸಂಜೆ ಅಡ್ಡಾಡಿ ಬನ್ನಿ. ಕ್ಲಾಸುಗಳ ಫಲಕಗಳ ಕೆಳಗೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಯಿಂದ ಬಂದ ಹುಡುಗ ಹುಡುಗಿಯರು ಕಾಣುತ್ತಾರೆ. ಒಂದೊಂದು ಕೋಣೆಯಲ್ಲಿ ಮೂವರು ನಾಲ್ವರು, ಖಾನಾವಳಿಯ ಊಟ, ಕೈಯಲ್ಲಿ ದಪ್ಪನೆಯ ಗೈಡು. ಅದರಲ್ಲಿ ಸಾವಿರಾರು ಪ್ರಶ್ನೆ, ಪ್ರತಿಯೊಂದಕ್ಕೂ ಒಂದೇ ಸಾಲಿನ ಉತ್ತರ. ತಂದೆ ಗಿರಣಿಯ ಪಗಾರದಲ್ಲಿ ಉಳಿಸಿ ಕಳಿಸಿದ ಹಣದಿಂದ ಕೊಂಡ ಗೈಡು ವರ್ಷ ತುಂಬುವುದರೊಳಗೆ ಹಳತಾಗುತ್ತದೆ, ಹೊಸದು ಬರುತ್ತದೆ. ಬಾಯಿಪಾಠವನ್ನು ನಾವು ಹೀಯಾಳಿಸುವವರಲ್ಲ. ಮಗ್ಗಿ ಬಾರದವನು ಅಂಗಡಿ ನಡೆಸಲಾರ. ಆದರೆ ಮಗ್ಗಿಯೊಂದನ್ನೇ ಬಲ್ಲವನೂ ಅಂಗಡಿ ನಡೆಸಲಾರ. ಯಾವ ಸಂತೆಯಲ್ಲಿ ಏನು ತುಟ್ಟಿ, ಯಾಕೆ ತುಟ್ಟಿ ಎಂಬುದು ಅವನಿಗೆ ಗೊತ್ತಿರಬೇಕು. ಸಾಮಾನ್ಯ ಜ್ಞಾನದ ಮಾತೂ ಹಾಗೆಯೇ.

ನಮ್ಮ ಊರಿನದೇ ಒಂದು ಪ್ರಶ್ನೆ ತಕ್ಕೊಳ್ಳೋಣ. ಜಗತ್ತಿನಲ್ಲಿ ಎಲ್ಲಕ್ಕಿಂತ ಉದ್ದದ ರೇಲ್ವೆ ಪ್ಲಾಟ್‌ಫಾರ್ಮ್ ಯಾವುದು? ಹುಬ್ಬಳ್ಳಿಯ ಸಿದ್ಧಾರೂಢಸ್ವಾಮಿ ನಿಲ್ದಾಣದ್ದು, 1507 ಮೀಟರ್. 2023ರ ಮಾರ್ಚ್ 12ರಂದು ಉದ್ಘಾಟನೆಯಾಯಿತು. ಅದಕ್ಕೂ ಮುಂಚೆ ಆ ಹೆಸರು 1366 ಮೀಟರಿನ ಗೋರಖಪುರಕ್ಕಿತ್ತು. ಗೈಡು ಇಲ್ಲಿಗೆ ನಿಲ್ಲುತ್ತದೆ. ಇಷ್ಟುದ್ದ ಯಾಕೆ ಬೇಕಾಯಿತು ಎಂದು ಕೇಳಿ ನೋಡಿ. ಬೆಂಗಳೂರು, ಗದಗ, ಲೋಂಡಾ ಕಡೆಯ ಹಳಿಗಳು ಇಲ್ಲಿ ಕೂಡುತ್ತವೆ. ಒಂದೇ ಪ್ಲಾಟ್‌ಫಾರ್ಮಿನಿಂದ ಎರಡು ಗಾಡಿಗಳನ್ನು ಎರಡು ದಿಕ್ಕಿಗೆ ಬಿಡಲು ಬರಬೇಕು. ಹಳಿಗಳು ಇಲ್ಲೇ ಯಾಕೆ ಕೂಡಿದವು? 1876–78ರ ಭೀಕರ ಬರದಲ್ಲಿ ಈ ಸೀಮೆಯ ಜನ ಲೆಕ್ಕವಿಲ್ಲದಷ್ಟು ಸತ್ತರು. ಬರದ ನಾಡಿಗೆ ಕಾಳು ಮುಟ್ಟಿಸಲು ಹಳಿ ಬೇಕೆಂದು ಆಗಿನ ಸರಕಾರ ಹೇಳಿತು. 1882ರಲ್ಲಿ ಸದರ್ನ್ ಮರಾಠಾ ರೇಲ್ವೆ ಕಂಪನಿ ಹುಟ್ಟಿತು. ಕಾಳು ಒಳಗೆ ತರುವ ಹೆಸರಿನಲ್ಲಿ ಹಾಕಿದ ಹಳಿಯ ಮೇಲೆ ನಮ್ಮ ಹತ್ತಿ ಮುರಗಾಂವ ಬಂದರಕ್ಕೆ, ಅಲ್ಲಿಂದ ಹಡಗಿಗೆ ಹೋಯಿತು! ರೇಲ್ವೆ ಕಾರಖಾನೆ ಬಂತು, ಅದರ ಬೆನ್ನಿಗೆ ಕೂಲಿಕಾರರು ಬಂದರು, ಊರು ಬೆಳೆಯಿತು. 2003ರ ಏಪ್ರಿಲ್ 1ರಂದು ನೈಋತ್ಯ ರೇಲ್ವೆ ವಲಯ ಕೆಲಸ ಆರಂಭಿಸಿದಾಗ ಅದರ ಮುಖ್ಯ ಕಚೇರಿ ಹುಬ್ಬಳ್ಳಿಗೆ ಬಂದದ್ದು ಇದೇ ಕಥೆಯ ಮುಂದಿನ ಭಾಗ. ಒಂದು ಉತ್ತರದ ಬಾಲ ಹಿಡಿದರೆ ಐದು ಉತ್ತರ ಸಿಕ್ಕವು. ಹೀಗೆ ಹೆಣೆದುಕೊಂಡದ್ದು ಪರೀಕ್ಷೆಯ ಕೋಣೆಯಲ್ಲಿ ಬೆವರಿದರೂ ಮರೆಯುವುದಿಲ್ಲ.

ಇನ್ನೊಂದು ಪ್ರಶ್ನೆ, ರಾಷ್ಟ್ರಧ್ವಜದ್ದು. ಸಂವಿಧಾನ ಸಭೆ ಅದನ್ನು ಒಪ್ಪಿದ್ದು 1947ರ ಜುಲೈ 22ರಂದು. ಅಗಲ ಎತ್ತರದ ಪ್ರಮಾಣ 3:2. ಚಕ್ರಕ್ಕೆ 24 ಅರೆಗಳು. ತಯಾರಾಗುವುದು ಎಲ್ಲಿ? ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ಎಂದು ಮಕ್ಕಳು ಥಟ್ಟನೆ ಹೇಳುತ್ತಾರೆ. ಆ ಸಂಘ ಹುಟ್ಟಿದ್ದು 1957ರ ನವೆಂಬರ್ 1ರಂದು. ಧಾರವಾಡ ತಾಲೂಕಿನ ಗರಗವೂ ಧ್ವಜದ ಖಾದಿಗೆ ಹೆಸರಾದ ಊರು. ನೂಲುವವರು, ಹೊಲಿಯುವವರು ಬಹುಮಟ್ಟಿಗೆ ಹೆಣ್ಣುಮಕ್ಕಳು. ನೂಲಿನ ಎಳೆ, ಬಣ್ಣ, ಹೊಲಿಗೆ, ಅಳತೆ ಎಲ್ಲದಕ್ಕೂ ಸರಕಾರಿ ಮಾನಕವಿದೆ. ಅದಕ್ಕೆ ಹೊಂದದ ಬಟ್ಟೆ ಧ್ವಜವಾಗುವುದಿಲ್ಲ.

ಈಗ ಗೈಡಿನ ತೊಡಕು ನೋಡಿ. ಧ್ವಜ ಕೈಯಿಂದ ನೂತು ಕೈಯಿಂದ ನೇಯ್ದ ಬಟ್ಟೆಯದೇ ಇರಬೇಕು ಎಂಬುದು ಬಹುಕಾಲ ಸರಿಯಾದ ಉತ್ತರವಾಗಿತ್ತು. 2021ರ ಡಿಸೆಂಬರದಲ್ಲಿ ಧ್ವಜಸಂಹಿತೆಗೆ ತಿದ್ದುಪಡಿಯಾಗಿ ಯಂತ್ರದಲ್ಲಿ ಮಾಡಿದ ಧ್ವಜಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಅನುಮತಿ ಸಿಕ್ಕಿತು. ಅಂದಿನಿಂದ ಆ ಉತ್ತರಕ್ಕೆ ಅಂಕವಿಲ್ಲ. ಗೈಡಿನಲ್ಲಿ ಒಂದು ಶಬ್ದ ಬದಲಾದರೆ ಮುಗಿಯಿತು; ಬೆಂಗೇರಿಯಲ್ಲಿ ಅದು ಕೂಲಿಯ ಪ್ರಶ್ನೆಯಾಯಿತು. 2022ರಲ್ಲಿ ಸಂಘದವರು ಬಹಿರಂಗವಾಗಿ ಪ್ರತಿಭಟಿಸಿದರು. ಪರೀಕ್ಷೆಗೆ ಕೂಡುವವರು ತಿದ್ದುಪಡಿಯ ವರ್ಷವನ್ನು ನೆನಪಿಡಲಿ. ಅದರಿಂದ ಯಾರ ಕೈಗೆ ಕೆಲಸ ಬಂತು, ಯಾರ ಕೈಯಿಂದ ಹೋಯಿತು ಎಂಬುದನ್ನೂ ಬರೆದಿಟ್ಟುಕೊಳ್ಳಲಿ. ನಾಳೆ ಅಧಿಕಾರಿಯಾಗಿ ಕಾಗದಕ್ಕೆ ಸಹಿ ಹಾಕುವವರು ಇವರೇ ತಾನೇ?

ರಾಜ್ಯದ ಏಕೀಕರಣ 1956ರ ನವೆಂಬರ್ 1ರಂದು ಆಯಿತೆಂದು ಎಲ್ಲರಿಗೂ ಬರುತ್ತದೆ. 1953ರಲ್ಲಿ ಅದಕ್ಕಾಗಿ ಉಪವಾಸ ಕೂತ ಶಂಕರಗೌಡ ಪಾಟೀಲರ ಊರು ಅದರಗುಂಚಿ, ನಮ್ಮ ಹುಬ್ಬಳ್ಳಿಯ ಮಗ್ಗುಲಿಗೇ ಇದೆ ಎಂಬುದು ಎಷ್ಟು ಜನಕ್ಕೆ ಬರುತ್ತದೆ? ಇರಲಿ.

ಹಿರಿಯರು ನಮ್ಮನ್ನು ಕೇಳುತ್ತಾರೆ: ಮಾಸ್ತರರೇ, ಇಷ್ಟೆಲ್ಲ ಓದಿದರೂ ವಶೀಲಿ ಇಲ್ಲದೆ ನೌಕರಿ ಸಿಗುತ್ತದೆಯೇ? ಕೇಳಬೇಕಾದ ಮಾತೇ. ಪರೀಕ್ಷೆ ಹುಟ್ಟಿದ್ದೇ ವಶೀಲಿಯ ವಿರುದ್ಧ. ಕಂಪನಿ ಸರಕಾರದ ದೊಡ್ಡ ನೌಕರಿಗಳು ಲಂಡನ್ನಿನ ನಿರ್ದೇಶಕರ ಚೀಟಿಯ ಮೇಲೆ ಸಿಗುತ್ತಿದ್ದವು. 1855ರಲ್ಲಿ ಚೀಟಿ ಹೋಗಿ ಪರೀಕ್ಷೆ ಬಂತು. ಆದರೆ ಪರೀಕ್ಷೆ ಲಂಡನ್ನಿನಲ್ಲಿ. 1870ರ ದಶಕದಲ್ಲಿ ವಯೋಮಿತಿಯನ್ನು 21ರಿಂದ 19ಕ್ಕೆ ಇಳಿಸಿದರು. ಹಿಂದುಸ್ತಾನದ ನೆಲದ ಮೇಲೆ ಆ ಪರೀಕ್ಷೆ ನಡೆದದ್ದು 1922ರಲ್ಲಿ. ಮೈಸೂರು ಸಂಸ್ಥಾನದಲ್ಲಿ 1891ರಿಂದ ಸ್ಪರ್ಧಾ ಪರೀಕ್ಷೆ ಇತ್ತು. ಬಾಗಿಲು ತೆರೆದಿದ್ದರೂ ಮೊದಲೇ ಓದಿನ ಅನುಕೂಲವಿದ್ದವರೇ ಒಳಗೆ ತುಂಬಿಕೊಂಡರು. ಆದ್ದರಿಂದಲೇ 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ನಮ್ಮ ಮುಂಬಯಿ ಕರ್ನಾಟಕದಲ್ಲಿ ಮುಲ್ಕಿ ಪಾಸಾದವನು ಕನ್ನಡ ಶಾಲೆಯ ಮಾಸ್ತರನಾಗುತ್ತಿದ್ದ. ಬರೆಯುತ್ತಿದ್ದದ್ದು ಕನ್ನಡದಲ್ಲೇ.

ಆ ಕನ್ನಡಕ್ಕೆ ಈಗ ಏನಾಗಿದೆ? ಕೇಂದ್ರ ನಾಗರಿಕ ಸೇವೆಯ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶ 1979ರಲ್ಲಿ ಬಂತು, ಆದರೆ ಪ್ರಾಥಮಿಕ ಪರೀಕ್ಷೆಯ ಪ್ರಶ್ನೆಪತ್ರಿಕೆ ಇಂದಿಗೂ ಹಿಂದಿ ಇಂಗ್ಲಿಷಿನಲ್ಲೇ. ಅದು ದಿಲ್ಲಿಯ ಮಾತಾಯಿತು. ನಮ್ಮದೇ ಲೋಕಸೇವಾ ಆಯೋಗ 2024ರ ಆಗಸ್ಟ್ 27ರಂದು 384 ಗೆಜೆಟೆಡ್ ಹುದ್ದೆಗಳಿಗೆ ನಡೆಸಿದ ಪರೀಕ್ಷೆಯಲ್ಲಿ ಕನ್ನಡ ಪ್ರಶ್ನೆಗಳ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರಕಾರವೇ ಮರುಪರೀಕ್ಷೆ ನಡೆಸಬೇಕೆಂದು ಹೇಳಬೇಕಾಯಿತು. ಡಿಸೆಂಬರ್ 29ರಂದು ಮತ್ತೆ ಬರೆಸಿದರು, ಆಗಲೂ ತಪ್ಪುಗಳು! ಉತ್ತರ ಗೊತ್ತಿದ್ದ ಹುಡುಗ ಪ್ರಶ್ನೆ ತಿಳಿಯದೆ ಅಂಕ ಕಳಕೊಳ್ಳುವುದೆಂದರೆ ತಕ್ಕಡಿ ಸರಿಯಿದ್ದು ಕಲ್ಲೇ ಖೊಟ್ಟಿಯಾದಂತೆ. ವ್ಯಾಪಾರಸ್ಥರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇನ್ನು 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳದ್ದು. 2021ರ ಅಕ್ಟೋಬರ್ 3ರಂದು ಐವತ್ತು ಸಾವಿರಕ್ಕೂ ಹೆಚ್ಚು ಜನ ಬರೆದರು. ಉತ್ತರಪತ್ರಿಕೆ ತಿದ್ದಿದ ಅಕ್ರಮ ಹೊರಬಿದ್ದು 2022ರ ಏಪ್ರಿಲ್‌ದಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿ 23ಕ್ಕೆ. ಎರಡು ವರ್ಷಕ್ಕೂ ಮೇಲೆ ಪ್ರಾಮಾಣಿಕವಾಗಿ ಓದಿದವರ ಕೋಣೆಯ ಬಾಡಿಗೆ ಯಾರು ಕೊಟ್ಟರು? ಹಿಂದಿನ ಸಾಲಿನಲ್ಲಿ ಕೂತವರು ಕೊಟ್ಟರು. ಆದ್ದರಿಂದ, ಪರೀಕ್ಷೆ ಸರಿಯಾಗಿ ನಡೆಸಿರಿ ಎಂದು ಕೇಳುವ ಹಕ್ಕು ಮಕ್ಕಳಿಗೆಷ್ಟೋ ನಿಮಗೂ ಅಷ್ಟೇ ಉಂಟು. ಸಂಘದ ಠರಾವಿನಲ್ಲಿ ಪಗಾರ, ಬೋನಸ್ಸುಗಳ ಜತೆಗೆ ಇದೂ ಬರಲಿ.

ಅಭ್ಯಾಸದ ಮಾತು. ಗೈಡು ಕೊಳ್ಳುವ ಮುಂಚೆ ರಾಜ್ಯದ 6ರಿಂದ 10ನೇ ಇಯತ್ತೆಯ ಸಮಾಜ, ವಿಜ್ಞಾನದ ಪಾಠ್ಯಪುಸ್ತಕಗಳನ್ನು ಓದಿರಿ. ನೆರೆಮನೆಯ ಹುಡುಗನಲ್ಲಿ ಸಿಗುತ್ತವೆ. ದಿನಪತ್ರಿಕೆಯಿಂದ ದಿನಕ್ಕೆ ಮೂರೇ ಸಂಗತಿ ಬರೆದುಕೊಳ್ಳಿರಿ, ಪ್ರತಿಯೊಂದರ ಕೆಳಗೆ ‘ಯಾಕೆ’ ಎಂದು ಬರೆದು ಜಾಗ ಬಿಡಿರಿ. ಆ ಜಾಗ ತುಂಬಲು ಕೆಲವು ಸಲ ವಾಚನಾಲಯಕ್ಕೆ ಹೋಗಬೇಕಾದೀತು, ಕೆಲವು ಸಲ ಅಪ್ಪನನ್ನೇ ಕೇಳಿದರೆ ಸಾಕಾದೀತು. ಜಿನ್ನಿಂಗ್ ಗಿರಣಿಯಲ್ಲಿ ಹತ್ತಿಯಿಂದ ಬೀಜ ಹೇಗೆ ಬೇರೆಯಾಗುತ್ತದೆಂದು, 2017ರ ಜುಲೈ 1ರಂದು ಬಂದ ಜಿಎಸ್‌ಟಿ ಅಂಗಡಿಯ ಲೆಕ್ಕದ ವಹಿಯನ್ನು ಹೇಗೆ ಬದಲಿಸಿತೆಂದು ನಿಮ್ಮ ಮನೆಯವರಷ್ಟು ಚೆನ್ನಾಗಿ ಯಾವ ಕ್ಲಾಸಿನವರೂ ಹೇಳಲಾರರು.

ಮುಂದಿನ ರವಿವಾರ ಬೆಳಿಗ್ಗೆ ಇದೇ ಜಾಗದಲ್ಲಿ ನಕಾಶೆಯ ಪಾಠ. ಮಲಪ್ರಭೆ ಎಲ್ಲಿ ಹುಟ್ಟಿ ಎಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ, ಅವಳ ನೀರು ಯಾವ ಯಾವ ತಾಲೂಕಿಗೆ ಹರಿಯುತ್ತದೆ ನೋಡೋಣ. ಬರುವವರು ಒಂದು ನಕಾಶೆ, ಒಂದು ಪೆನ್ಸಿಲು ತರಬೇಕು. ಫೀ ಇಲ್ಲ.