ಲಾಲ್‌ಬಾಗಿನ ಗೋಪುರ ಹೇಳುವ ಮಾತು



ಬೆಂಗಳೂರಿನ ಲಾಲ್‌ಬಾಗಿನ ಬಂಡೆಯ ಮೇಲಿರುವ ಗೋಪುರವನ್ನು ನಾವೆಲ್ಲ ಬಲ್ಲೆವು. ಊರಿನ ಎಲ್ಲೆ ಗುರುತಿಸಲು ಕೆಂಪೇಗೌಡರ ಮನೆತನ ಕಟ್ಟಿಸಿದ ನಾಲ್ಕು ಗೋಪುರಗಳಲ್ಲಿ ಅದೊಂದು. 1760ರಲ್ಲಿ ಹೈದರಾಲಿ ಅಲ್ಲಿ ತೋಟ ಹಾಕಿಸಿದ. ಟಿಪ್ಪು ದೂರದೇಶಗಳಿಂದ ಗಿಡ ತರಿಸಿದ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. ಚರಿತ್ರೆಯಲ್ಲಿ ದೊರೆಗಳ ಹೆಸರಿದೆ. ಗುಂಡಿ ತೋಡಿದವರ, ನೀರು ಹೊತ್ತವರ ಹೆಸರಿಲ್ಲ. ಆದರೂ ದೊರೆಯ ತೋಟ ಕೊನೆಗೆ ಜನರ ತೋಟವಾಯಿತು.

ಊರು ಗೋಪುರದ ಎಲ್ಲೆಯನ್ನು ಎಂದೋ ದಾಟಿತು. 2025ರಲ್ಲಿ ಸುರಂಗ ರಸ್ತೆಯ ಯೋಜನೆ ಈ ತೋಟದ ನೆಲಕ್ಕೇ ಕೈಚಾಚಿದಾಗ ಜನ ಪ್ರತಿಭಟಿಸಿದರು. ಅದು ನ್ಯಾಯವೇ. ಕಾರುಳ್ಳವನಿಗೆ ಕೆಲವು ನಿಮಿಷ ಉಳಿದೀತು. ವಾರಕ್ಕೊಂದು ದಿನ ಮಕ್ಕಳೊಡನೆ ನೆರಳಿಗೆ ಬರುವ ಕೂಲಿಕಾರನಿಗೆ, ಚಿಲ್ಲರೆ ಅಂಗಡಿಯವನಿಗೆ ಬೇರೆ ತೋಟವೆಲ್ಲಿದೆ?

ಅಂದು ಎಲ್ಲೆ ಹಾಕಿದವರು ಪಾಳೆಯಗಾರರು. ಇಂದು ಎಲ್ಲೆ ಹಾಕಬೇಕಾದವರು ನಾವು.